ಗುಡುಗಿಗೆ ಮುಂಚಿನ ಸ್ವರ

ತ್ರಿಯೆಸ್ತೆ, 20 ಜೂನ್ 1976

ಪ್ರೀತಿಯ ಆರ್ಜಿಯಾ ದೊಡ್ಡಮ್ಮನಿಗೆ,

ಇಲ್ಲಿ ನೆಲ ಅಲುಗಿಲ್ಲ. ಅಲ್ಲಿ ಅಲುಗಿದ್ದರೆ ಮುಚ್ಚಿಡದೆ ಬರಿ.

ಕೋಣೆ ಸಿಕ್ಕಿದೆ. ಮನೆಯೊಡತಿ ಕೊಸ್ಸುತ್ತಾ ಎಂಬ ವಿಧವೆ. ಮಾತು ಜಾಸ್ತಿ, ಕಾಫಿಗೆ ಸಕ್ಕರೆ ಕಡಿಮೆ. ನಾನು ಭೂಕಂಪದ ಊರಿನವಳೆಂದು ತಿಳಿದ ದಿನದಿಂದ ನನ್ನ ತಟ್ಟೆಗೆ ಎರಡೆರಡು ಸಲ ಬಡಿಸುತ್ತಾಳೆ. "ತಿನ್ನಮ್ಮ, ನಾಚ್ಕೋಬೇಡ. ನಿಮ್ಮೂರಲ್ಲಿ ಈಗ ಏನು ಸಿಗುತ್ತೋ ಏನೋ," ಅನ್ನುತ್ತಾಳೆ. ನಾನು ಬೂಟು ಹಾಕಿಕೊಂಡೇ ಮಲಗುವುದನ್ನು ನೋಡಿದ್ದಾಳೆ. ಮಾರನೆಯ ದಿನ ಹಾಸಿಗೆಯ ಕಾಲ ಕಡೆಗೆ ಒಂದು ಗೋಣಿತಾಟು ಹಾಸಿಟ್ಟಿದ್ದಳು.

ಒಂದು ಸುದ್ದಿಯಿದೆ. ನಮ್ಮದು ಬರೀ ತಂತಿವಾದ್ಯಗಳ ಸಣ್ಣ ತಂಡ. ಗ್ರೆಗೊರುತ್ತಿ ಮೇಷ್ಟ್ರು ಶರತ್ಕಾಲಕ್ಕೆ, ವೆನಿಸ್ಸಿನ ಆ ಪಾದ್ರಿ ನಾಲ್ಕು ಋತುಗಳ ಮೇಲೆ ಬರೆದ ಪಿಟೀಲು ಕಂಚೆರ್ಟೊಗಳನ್ನು ಹಿಡಿದಿದ್ದಾರೆ. ನಾಲ್ಕಕ್ಕೂ ತಂಡದ ಮುಂದೆ ನಿಂತು ಒಂಟಿ ಪಿಟೀಲು ಬಾರಿಸುವವರು ಬೇರೆ ಬೇರೆ. ಚೀಟಿ ಎತ್ತಿದೆವು. ನನಗೆ ಚಳಿಗಾಲ ಬೇಕಿತ್ತು. ಬಂದದ್ದು ಬೇಸಿಗೆ. ಒಳ್ಳೆಯದೇ.

ಅಮ್ಮನ ಸಮಾಧಿಗೆ ಹೋಗಿದ್ದೆಯಾ? ಶಿಲುಬೆಯ ಮೇಲೆ ಹೆಸರನ್ನು ಬಣ್ಣದಲ್ಲಿ ಬರೆದಿದ್ದಾರೋ, ಇನ್ನೂ ಅದೇ ಸೀಮೆಸುಣ್ಣವೋ? ಮಳೆ ಬಂದರೆ ಅಳಿಸಿಹೋಗುತ್ತದೆ.

ನಿನ್ನ ನೀವೆಸ್


ವಾಲ್ನೇರಾ, 2 ಜುಲೈ 1976

ನೀವೆಸ್ ಮಗು,

ಸೈನಿಕರ ಅಡುಗೆ ಡೇರೆಯ ಮುಂದೆ ತಟ್ಟೆ ಹಿಡಿದು ನಿಂತಿದ್ದಾಗ ನಿನ್ನ ಪತ್ರ ಬಂತು. "ಬೇಸಿಗೆ ನಮ್ಮ ಹುಡುಗಿಗೆ ಬಂತು" ಎಂದು ಬಾಯಿತಪ್ಪಿ ಗಟ್ಟಿಯಾಗಿ ಅಂದುಬಿಟ್ಟೆ. ಹಿಂದೆ ನಿಂತಿದ್ದ ಪಕ್ಕದ ಮನೆಯ ಜೆಲಿಂದೊ ಸುಮ್ಮನಿರುತ್ತಾನೆಯೇ? "ಬೇಸಿಗೆ ಎಲ್ರಿಗೂ ಬಂದಿದೆ ಟೀಚರಮ್ಮ. ಆ ಡೇರೇಲಿ ಒಂದು ಗಳಿಗೆ ಕೂತು ನೋಡಿ, ಬೆಂದುಹೋಗ್ತೀರಿ," ಅಂದ. ಬೆಲ್ಜಿಯಂ ಗಣಿಯಲ್ಲಿ ಅರ್ಧ ಆಯುಷ್ಯ ಕಳೆದವನು. ಅವನಿಗೆ ಯಾವ ಶಾಖವೂ ತಾಗುವುದಿಲ್ಲ, ಆದರೂ ದೂರು ಮಾತ್ರ ಬಿಡುವುದಿಲ್ಲ.

ಸಮಾಧಿಗೆ ಭಾನುವಾರ ಹೋಗಿದ್ದೆ. ಹೆಸರು ಬಣ್ಣದಲ್ಲಿದೆ. ದಿರ್ಚೆ ಎಂದು ನಾನೇ ನಿಂತು ಬರೆಸಿದೆ. ನಿಶ್ಚಿಂತೆಯಿಂದಿರು.

ಈಗ ಬೇಸಿಗೆಯ ವಿಷಯ. ಕೊನೆಯ ಬಿರುಗಾಳಿಯನ್ನು ಬೆರಳು ಚುರುಕಿರುವ ಯಾರು ಬೇಕಾದರೂ ಬಾರಿಸಿಯಾರು. ನೀನು ಮೊದಲ ಪುಟಗಳಿಗೆ ಕಿವಿಗೊಡು. ಅಲ್ಲಿ ಏನೂ ನಡೆಯುವುದಿಲ್ಲ. ಒಂದು ಸ್ವರ ಇಳಿಯುತ್ತದೆ, ನಿಲ್ಲುತ್ತದೆ, ಉಸಿರು ಬಿಟ್ಟು ಮತ್ತೆ ಇಳಿಯುತ್ತದೆ; ಬಿಸಿಲಿಗೆ ನಾಲಿಗೆ ಚಾಚಿ ಬಿದ್ದ ನಾಯಿಯ ಹಾಗೆ. ಆಮೇಲೆ ನಿನ್ನ ಪಿಟೀಲು ಓಡತೊಡಗುತ್ತದೆ. ಜನ ಬೆರಳಿನ ಓಟ ನೋಡಿ ತಲೆದೂಗುತ್ತಾರೆ. ಓಟದ ಒಳಗೆ ಎರಡೇ ಸ್ವರದ ಕೋಗಿಲೆ ಅಡಗಿ ಕೂತಿರುವುದು ಅವರಿಗೆ ಕೇಳಿಸುವುದಿಲ್ಲ. ನಿನಗೆ ಕೇಳಿಸಿದರೆ ಮಾತ್ರ ಅವರಿಗೂ ಕೇಳಿಸೀತು. ಬಳಿಕ ಕಾಡುಪಾರಿವಾಳ, ಬಳಿಕ ತಣ್ಣಗೆ ಒಂದಿಷ್ಟು ಗಾಳಿ. ಇಷ್ಟೆಲ್ಲ ಆದಮೇಲೆ ಕುರಿ ಕಾಯುವವನು ಅಳುತ್ತಾನೆ. ಗಮನಿಸು, ಆಗಿನ್ನೂ ಒಂದು ಹನಿಯೂ ಬಿದ್ದಿರುವುದಿಲ್ಲ. ಬರಲಿರುವ ಗುಡುಗಿಗೆ ಹೆದರಿ ಅವನು ಮೊದಲೇ ಅಳುತ್ತಾನೆ. ಇಡೀ ಕಂಚೆರ್ಟೊದ ಜೀವ ಅಲ್ಲಿದೆ ಎಂದು ನನಗೆ ಯಾವಾಗಲೂ ಅನ್ನಿಸಿದೆ.

ನಿನ್ನೆ ಸಂಜೆ ಆ ಅಳುವನ್ನು ಹಾರ್ಮೋನಿಯಂ ಮೇಲೆ ನುಡಿಸಿ ನೋಡಿದೆ. ಮೇಲಿನ ಕೆಲವು ಸ್ವರದ ಮನೆಗಳಲ್ಲಿ ಧೂಳು ಕೂತು ಸ್ವರ ಏಳುವುದಿಲ್ಲ. ಇದ್ದಷ್ಟರಲ್ಲೇ ಚೆನ್ನಾಗಿತ್ತು.

ನನ್ನ ಡೇರೆಗೆ ಹಲಗೆಯ ನೆಲ ಹಾಕಿಕೊಟ್ಟಿದ್ದಾರೆ. ಅರಮನೆ ಅನ್ನು.

ದೊಡ್ಡಮ್ಮ


ತ್ರಿಯೆಸ್ತೆ, 25 ಜುಲೈ 1976

ಪ್ರೀತಿಯ ದೊಡ್ಡಮ್ಮ,

ಕೋಗಿಲೆ ಸಿಕ್ಕಿತು. ಸಿಕ್ಕಮೇಲೆ ಬೇರೆ ಏನೂ ಕೇಳಿಸದಷ್ಟು ಗಟ್ಟಿಯಾಗಿದೆ. ಇಷ್ಟು ವರ್ಷ ಎಲ್ಲಿ ಅಡಗಿತ್ತೋ. ಚೆಲ್ಲೊ ಬಾರಿಸುವ ಲಿವಿಯೊಗೆ ತೋರಿಸಿದೆ. ಅವನು ತ್ರಿಯೆಸ್ತೆ ಪೇಟೆಯ ಹುಡುಗ. "ಕೋಗಿಲೇನಾ? ನಾನದನ್ನ ಗಂಟೆಗೊಮ್ಮೆ ಕೂಗೋ ಗೋಡೆ ಗಡಿಯಾರದಲ್ಲಿ ಮಾತ್ರ ಕೇಳಿರೋದು," ಅಂದ.

ಅಭ್ಯಾಸ ಚೆನ್ನಾಗಿ ನಡೆದಿದೆ. ಎರಡನೆಯ ಭಾಗದಲ್ಲಿ ಒಂದು ಜಾಗ ಸ್ವಲ್ಪ ಕಷ್ಟ, ಅಷ್ಟೆ.

ಆದರೆ ಕುರಿ ಕಾಯುವವನ ಬಗ್ಗೆ ನೀನು ಬರೆದದ್ದು ನನಗೆ ಹಿಡಿಸಲಿಲ್ಲ. ಅವನ ಅದೃಷ್ಟ ದೊಡ್ಡದು. ಮೋಡ ಕಾಣಿಸಿತು, ಅಳುವುದಕ್ಕೆ ಪುರುಸೊತ್ತು ಸಿಕ್ಕಿತು. ನಮಗೆ ಯಾರೂ ಮೊದಲು ಹೇಳಲಿಲ್ಲ.

ಇನ್ನೊಂದು. ನಿನ್ನ ಪತ್ರವನ್ನೂ ನೀನು ಕಲಿಸಿದ ಹಾಗೇ ಕಿವಿಗೊಟ್ಟು ಓದುತ್ತೇನೆ. ಹಾರ್ಮೋನಿಯಂ ಇದ್ದದ್ದು ನಿನ್ನ ಮನೆಯ ನಡುಕೋಣೆಯಲ್ಲಿ. ಆ ಗೋಡೆಯ ಬಿರುಕಿನಲ್ಲಿ ನನ್ನ ಕೈ ಪೂರ್ತಿ ಹೋಗುತ್ತಿತ್ತು. ಡೇರೆಗೆ ಅದು ಹೇಗೆ ಬಂತು?

ನೀವೆಸ್


ವಾಲ್ನೇರಾ, 10 ಆಗಸ್ಟ್ 1976

ನೀವೆಸ್,

ಎಷ್ಟು ಪ್ರಶ್ನೆ ಕೇಳುತ್ತೀಯೇ. ಜೆಲಿಂದೊ ಮತ್ತು ಇಬ್ಬರು ಸೈನಿಕರು ಹಾರ್ಮೋನಿಯಂ ಅನ್ನು ಹೊತ್ತು ತಂದು ಆಕ್ರೋಟದ ಮರದ ಕೆಳಗಿಟ್ಟರು. ಮೇಲೆ ತಾಡಪಾಲು ಹೊದಿಸಿದೆ. ಸಾಕಾ?

ನಿನ್ನ ಪತ್ರದ ದನಿ ಗಡುಸಾಗಿತ್ತು. ಎರಡು ದಿನ ಯೋಚಿಸಿದೆ. ಆಮೇಲೆ ಲಿವಿಯೊ ಎಂಬ ಹೆಸರು ಮತ್ತೊಮ್ಮೆ ಕಣ್ಣಿಗೆ ಬಿತ್ತು. ಚೆಲ್ಲೊದವರು ಒಳ್ಳೆಯವರಿರುತ್ತಾರೆ, ಆದರೆ ಊಟದ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ನಿನ್ನ ಮನಸ್ಸು ಅಲ್ಲಿದ್ದರೆ ನನ್ನಿಂದ ಮುಚ್ಚಿಡುವುದು ಬೇಡ. ನಿನಗೂ ಇಪ್ಪತ್ನಾಲ್ಕಾಯಿತು. ಸುಖಪಡುವುದಕ್ಕೆ ದುಃಖದ ವರ್ಷ ಮುಗಿಯಲೆಂದು ಕಾಯಬೇಕಿಲ್ಲ.

ಮೊನ್ನೆ ಆಲಿಕಲ್ಲು ಬಿತ್ತು. ದ್ರಾಕ್ಷಿ ಅರ್ಧ ಹೋಯಿತು. ನಾನು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದೆ. ಮೊದಲ ಕಲ್ಲುಗಳು ಒಂದೊಂದೇ, ಬಿಡಿಬಿಡಿ, ಆಮೇಲೆ ಎಣಿಸಲಾಗದು. ಪಾದ್ರಿ ಇದನ್ನು ಕಿಟಕಿಯೊಳಗಿಂದ ಕೇಳಿ ಬರೆದಿದ್ದಾನೆ, ಹೊಲದಲ್ಲಿ ನಿಂತಲ್ಲ ಎಂದು ಹೊಳೆಯಿತು. ಹೊಲದಲ್ಲಿದ್ದವನಿಗೆ ತಾಳ ಗೊತ್ತಾಗುವುದಿಲ್ಲ.

ಎರಡನೆಯ ಭಾಗ ಕಷ್ಟ ಅಂದೆ. ನಿನ್ನ ಅಮ್ಮ ಅದನ್ನು ಕೇಳಿದಾಗಲೆಲ್ಲ ಏನನ್ನುತ್ತಿದ್ದಳು, ನೆನಪಿದೆಯಾ? ಹಿಂದಿನ ಪಿಟೀಲುಗಳು ಗುಂಯ್‌ಗುಟ್ಟಲು ಶುರುಮಾಡಿದರೆ ಸಾಕು, ಹಾಲಿನ ಡೈರಿಯಿಂದ ದಣಿದು ಬಂದವಳು ಕುರ್ಚಿಯಲ್ಲೇ ಕಣ್ಣು ಮುಚ್ಚಿಕೊಂಡು, "ಯಾರಾದ್ರೂ ಆ ನೊಣ ಓಡಿಸ್ರೇ, ಪಾಪ ಆ ಕುರಿಯವನು ಮಲಗಿದಾನೆ," ಅನ್ನುವಳು. ಅವಳಷ್ಟು ಸರಿಯಾಗಿ ಕೇಳಿದವರನ್ನು ನಾನು ಕಂಡಿಲ್ಲ.

ದೊಡ್ಡಮ್ಮ


ತ್ರಿಯೆಸ್ತೆ, 28 ಆಗಸ್ಟ್ 1976

ದೊಡ್ಡಮ್ಮ,

ಲಿವಿಯೊ ಅಲ್ಲ. ಯಾರೂ ಅಲ್ಲ. ಬೇರೆ ಯಾರಿಂದಲೋ ತಿಳಿಯುವುದಕ್ಕಿಂತ ನಾನೇ ಬರೆಯುವುದು ಮೇಲು.

ನನಗೆ ಆ ಜಾಗ ಬಾರಿಸಲು ಆಗುತ್ತಿಲ್ಲ. ಎರಡನೆಯ ಭಾಗದಲ್ಲಿ ನನ್ನ ಪಿಟೀಲು ಒಂದೇ ನಿಧಾನವಾಗಿ ಹಾಡುತ್ತಿರುವಾಗ ನಡುನಡುವೆ ಚೆಲ್ಲೊ, ಆಳೆತ್ತರದ ಬಾಸ್ ಎಲ್ಲ ಸೇರಿ ಕೆಳಗಿನ ಸ್ವರವನ್ನು ಗಡಗಡ ಅಲುಗಿಸುತ್ತವೆ. ಗುಡುಗು. ಅದು ಬಂದ ಕೂಡಲೇ ನನ್ನ ಕಮಾನು ನಿಂತುಬಿಡುತ್ತದೆ. ನಾನು ನಿಲ್ಲಿಸುವುದಲ್ಲ. ತೋಳು ನನ್ನದಲ್ಲದ ಹಾಗೆ ತೂಗುತ್ತದೆ, ಕಣ್ಣು ಚಾವಣಿಯ ದೀಪಕ್ಕೆ ಹೋಗುತ್ತದೆ, ಅಲುಗುತ್ತಿದೆಯೋ ಎಂದು. ಒಮ್ಮೆ ಆಯಿತು, ಮೇಷ್ಟ್ರು ನೀರು ತರಿಸಿದರು. ಮತ್ತೊಮ್ಮೆ ಆಯಿತು. ಮೊನ್ನೆ ಎಲ್ಲರನ್ನೂ ಹೊರಗೆ ಕಳಿಸಿ ಅವರೊಬ್ಬರೇ ನನ್ನ ಹತ್ತಿರ ಬಂದು ಕೂತರು. "ನಿನ್ನ ಮೇಲೆ ಕೋಪ ಇಲ್ಲಮ್ಮ. ಆದ್ರೆ ಜನ ಟಿಕೀಟು ತಗೊಂಡು ಬರ್ತಾರೆ. ಸೆಪ್ಟೆಂಬರ್ ಕೊನೇವರೆಗೆ ನೋಡೋಣ," ಅಂದರು. ಆಮೇಲೆ ಬೇಸಿಗೆ ಮರೀಸಾಗೆ ಹೋಗುತ್ತದೆ. ಅವಳು ಈಗಾಗಲೇ ಮನೆಯಲ್ಲಿ ಅಭ್ಯಾಸ ಶುರುಮಾಡಿದ್ದಾಳೆ.

ಬಾಗಿಲಲ್ಲಿ ನಿಂತು ಆಲಿಕಲ್ಲಿನ ಸದ್ದು ಕೇಳಿದೆ ಎಂದು ನೀನು ಬರೆಯುತ್ತೀಯ. ಮೇ ತಿಂಗಳ ಆ ರಾತ್ರಿ ನೀನು ಉದಿನೆ ಪೇಟೆಯಲ್ಲಿದ್ದೆ. ನೀನು ನೋಡಿದ್ದು ಮಾರನೆಯ ದಿನದ ಊರು. ನಾನು ಅಂಗಳದಲ್ಲಿದ್ದೆ. ಸೆಖೆ ಎಂದು ಅಮ್ಮನೂ ಹೊರಗೇ ಕೂತಿದ್ದಳು, ನೀರು ತರಲು ಒಳಗೆ ಹೋದಳು. ಮೊದಲು ಅಲುಗಲಿಲ್ಲ, ದೊಡ್ಡಮ್ಮ. ಮೊದಲು ಸದ್ದು ಬಂತು. ಬೆಟ್ಟದ ಕಡೆಯಿಂದಲ್ಲ, ಕಾಲ ಕೆಳಗಿನಿಂದ. ಓರ್ಕೊಲಾತ್ ರಾಕ್ಷಸ ಬೆಟ್ಟದಡಿ ಮಗ್ಗುಲು ಬದಲಿಸಿದರೆ ನೆಲ ನಡುಗುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳಲ್ಲ, ಅವನು ಮಗ್ಗುಲು ಬದಲಿಸುವ ಮೊದಲು ಗೊರಕೆ ಹೊಡೆದ ಹಾಗೆ. ಅದು ಬಾಸ್‌ನ ಸ್ವರ. ಅದೇ. ನಾನು ಬೇರೆ ಸದ್ದಿಗೆ ಇದನ್ನು ಹೋಲಿಸುತ್ತಿಲ್ಲ.

ಇನ್ನು ಕುರಿ ಕಾಯುವವನ ಮಾತು ಬೇಡ.

ನೀನು ಇಲ್ಲಿಗೆ ಬಾ. ಆಕ್ರೋಟದ ಮರದ ಕಥೆಯನ್ನು ನಾನು ನಂಬಿಲ್ಲ. ನೀನು ಆಲಿಕಲ್ಲು ಕೇಳಿದ್ದು ಬಾಗಿಲಲ್ಲಿ ನಿಂತು. ಡೇರೆಗೆ ಬಾಗಿಲಿರುವುದಿಲ್ಲ.

ನೀವೆಸ್


ವಾಲ್ನೇರಾ, 9 ಸೆಪ್ಟೆಂಬರ್ 1976

ನನ್ನ ಕೂಸೇ,

ಹೌದು, ಮನೆಯಲ್ಲೇ ಇದ್ದೇನೆ. ಜೂನ್‌ನಿಂದ ಒಳಗೇ ಮಲಗುತ್ತಿದ್ದೇನೆ. ಡೇರೆಯಲ್ಲಿ ಹನ್ನೆರಡು ಜನ. ಅವರು ಗೊರಕೆ ಹೊಡೆದರೂ ಕಷ್ಟ, ಹೊಡೆಯದಿದ್ದರೂ ಕಷ್ಟ, ಏಕೆಂದರೆ ಆಗ ಎಲ್ಲರೂ ಕಿವಿ ನಿಮಿರಿಸಿ ನೆಲದ ಸದ್ದು ಆಲಿಸುತ್ತಿದ್ದಾರೆಂದು ಅರ್ಥ. ನನಗೆ ಅದನ್ನು ತಡೆಯಲು ಆಗಲಿಲ್ಲ. ಅಡುಗೆಮನೆಯ ಗೋಡೆ ಗಟ್ಟಿಯಿದೆ, ಜೆಲಿಂದೊ ಎರಡು ತೊಲೆ ಆನಿಸಿ ಕೊಟ್ಟಿದ್ದಾನೆ. ಕೊಡುವಾಗ, "ಇದು ಗೋಡೆಗಲ್ಲ ಟೀಚರಮ್ಮ, ನಿಮ್ಮ ಹಟಕ್ಕೆ ಕೊಟ್ಟ ಆಸರೆ," ಅಂದ.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ನಾನು ಆ ಸದ್ದು ಕೇಳಿಲ್ಲ, ನಿಜ. ಹಾಗಾಗಿ ಹೆದರಬೇಡ ಎಂದು ಹೇಳುವ ಹಕ್ಕು ನನಗಿಲ್ಲ. ಬಾಸ್‌ಗೆ ಕಿವಿ ಮುಚ್ಚಿಕೋ ಎಂದೂ ಹೇಳುವುದಿಲ್ಲ; ಮುಚ್ಚಿದ ಕಿವಿಗೆ ಅದು ಇನ್ನೂ ದೊಡ್ಡದಾಗಿ ಕೇಳುತ್ತದೆ. ಅದರ ಹತ್ತಿರ ಹೋಗು. ಬಾರಿಸುವವನ ಪಕ್ಕ ಕುರ್ಚಿ ಹಾಕಿಕೊಂಡು ಕೂತು, ಅವನ ಕೈ ನೋಡುತ್ತಾ ಕೇಳು. ಸದ್ದು ಎಲ್ಲಿಂದ ಏಳುತ್ತದೆ, ಯಾರು ಎಬ್ಬಿಸುತ್ತಾರೆ, ಯಾವಾಗ ನಿಲ್ಲಿಸುತ್ತಾರೆ, ಅದನ್ನಷ್ಟು ನೋಡು. ಪಿಟೀಲು ಮುಟ್ಟಬೇಡ. ನಾನೀಗ ಹೇಳಬಲ್ಲದ್ದು ಇಷ್ಟೇ.

ಮುಂದಿನ ವಾರ ಡೇರೆ ಶಾಲೆ ಶುರುವಾಗುತ್ತದೆ. ಅದೊಂದು ದಾರಿಗೆ ಬಂದ ಮೇಲೆ ಬಸ್ಸು ಹತ್ತಿ ಬರುತ್ತೇನೆ.

ದೊಡ್ಡಮ್ಮ


ತ್ರಿಯೆಸ್ತೆ, 12 ಸೆಪ್ಟೆಂಬರ್ 1976

ದೊಡ್ಡಮ್ಮ,

ನಿನ್ನೆ ಸಂಜೆ ಇಲ್ಲಿಯೂ ದೀಪ ತೂಗಿತು. ಕೊಸ್ಸುತ್ತಾ ಅಮ್ಮ ನನಗಿಂತ ಮೊದಲು ಬೀದಿಯಲ್ಲಿದ್ದಳು, ಕೈಯಲ್ಲಿ ನನ್ನ ಪಿಟೀಲು. ನೀನು ಹೇಗಿದ್ದೀಯ? ಒಂದೇ ಸಾಲು ಬರಿ.

ನೀವೆಸ್


ತ್ರಿಯೆಸ್ತೆ, 16 ಸೆಪ್ಟೆಂಬರ್ 1976

ದೊಡ್ಡಮ್ಮ,

ನಿನ್ನೆಯದು ಮೇ ತಿಂಗಳಿನಷ್ಟೇ ದೊಡ್ಡದೆಂದು ರೇಡಿಯೊ ಹೇಳುತ್ತಿದೆ. ಟೆಲಿಫೋನ್ ಹೋಗುತ್ತಿಲ್ಲ. ನಿನ್ನ ಒಂಬತ್ತನೇ ತಾರೀಕಿನ ಪತ್ರ ಈಗಷ್ಟೆ ಕೈಗೆ ಬಂತು. ಒಳಗೇ ಮಲಗುತ್ತಿದ್ದೇನೆ ಎಂದಿದೆ. ನಾನು ಬರುತ್ತಿದ್ದೇನೆ. ಈ ಕಾಗದ ಮೊದಲು ತಲುಪುತ್ತದೋ ನಾನೋ ಗೊತ್ತಿಲ್ಲ.

ನೀವೆಸ್


ತ್ರಿಯೆಸ್ತೆ, 22 ಸೆಪ್ಟೆಂಬರ್ 1976

ದೊಡ್ಡಮ್ಮ,

ಊರಿಗೆ ಹೋಗಿದ್ದೆ. ನಿನ್ನ ಮನೆ ಇಲ್ಲ. ಅಡುಗೆಮನೆಯ ಗಟ್ಟಿ ಗೋಡೆಯೂ ಇಲ್ಲ. ಜೆಲಿಂದೊನ ತೊಲೆಗಳಲ್ಲಿ ಒಂದು ಆಕಾಶಕ್ಕೆ ಮುಖಮಾಡಿ ನಿಂತಿತ್ತು. ಹೆಸರು ಹಿಡಿದು ಕೂಗಿದೆ. ಒಬ್ಬ ಸೈನಿಕ ಬಂದು ತೋಳು ಹಿಡಿದ. "ಇಲ್ಲಿ ಯಾರೂ ಇಲ್ಲಮ್ಮ, ಎಲ್ಲರನ್ನೂ ಸಮುದ್ರದ ಕಡೆ ಬಸ್ಸಲ್ಲಿ ಕಳಿಸಿದ್ದಾರೆ. ಹೋಟೆಲುಗಳಲ್ಲಿ ಇಟ್ಟಿದ್ದಾರೆ." ಎಲ್ಲರನ್ನೂ ಅಂದರೆ ಯಾರನ್ನು ಎಂದು ಕೇಳಿದೆ. ಗಾಯವಾದವರ ಬಸ್ಸು ಬೇರೆ ಹೋಯಿತು ಅಂದ. ಸತ್ತವರ ಮಾತು ಅವನೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಈ ಪತ್ರವನ್ನು ಮೂರು ಸಲ ಬರೆದಿದ್ದೇನೆ. ಒಂದು ಗ್ರಾದೊಗೆ, ಒಂದು ಲಿನ್ಯಾನೊಗೆ, ಒಂದು ಬಿಬಿಯೋನೆಗೆ. ಲಕೋಟೆಯ ಮೇಲೆ "ವಾಲ್ನೇರಾದ ಟೀಚರ್ ಆರ್ಜಿಯಾ, ಭೂಕಂಪದಿಂದ ಬಂದವರು" ಎಂದಷ್ಟೇ ಬರೆದೆ. ಯಾರ ಕೈಗೆ ಸಿಕ್ಕಿದರೂ ದಯವಿಟ್ಟು ಅವರಿಗೆ ಮುಟ್ಟಿಸಿ. ಅವರಿಗೆ ಐವತ್ತೇಳು ವರ್ಷ, ಎತ್ತರದ ಹೆಂಗಸು, ಬೂದು ಜಡೆ, ಎದುರಿಗಿದ್ದವರ ಮಾತನ್ನು ತಲೆ ಎಡಕ್ಕೆ ವಾಲಿಸಿ ಕೇಳುತ್ತಾರೆ.

ನೀವೆಸ್


ಲಿನ್ಯಾನೊ, 5 ಅಕ್ಟೋಬರ್ 1976

ನೀವೆಸ್,

ಬದುಕಿದ್ದೇನೆ. ಅಕ್ಷರ ನೋಡಿ ಗಾಬರಿಯಾಗಬೇಡ, ಬಲಗೈ ಮಣಿಕಟ್ಟು ಮುರಿದಿದೆ. ಎಡಗೈಯಲ್ಲಿ ಬರೆಯುವುದು ಈ ವಾರ ಸಾಧ್ಯವಾಯಿತು. ಬೇರೆಯವರಿಂದ ಬರೆಸಬಹುದಿತ್ತು. ಬೇರೆಯವರ ಅಕ್ಷರ ಕಂಡರೆ ನಾನು ಸತ್ತೆನೆಂದೇ ನೀನು ತಿಳಿದೀಯೆ ಎಂದು ಸುಮ್ಮನಾದೆ. ಸುಮ್ಮನಿದ್ದದ್ದು ಅದಕ್ಕಿಂತ ಕೆಟ್ಟದ್ದಾಯಿತೆಂದು ನಿನ್ನ ಕಾಗದ ನೋಡಿದ ಮೇಲೆ ಅರಿವಾಯಿತು.

ಅವತ್ತು ಬೆಳಗಿನ ಜಾವವೇ ಒಂದು ಸಲ ಅಲುಗಿತ್ತು. ಹೊರಗೆ ಓಡಿ ಬಂದೆ, ಏನೂ ಆಗಿರಲಿಲ್ಲ. ಹೊತ್ತೇರಿದ ಮೇಲೆ ಕನ್ನಡಕ ಒಳಗೆ ಉಳಿಯಿತೆಂದು ಹೋದೆ. ಆಗ ಬಂತು. ಜೆಲಿಂದೊ ಕೈಯಿಂದಲೇ ಕಲ್ಲು ತೆಗೆದು ನನ್ನನ್ನು ಹೊರಗೆಳೆದನಂತೆ. "ಗಣಿ ಬಿಟ್ಟು ಬಂದೆ ಅಂದ್ಕೊಂಡಿದ್ದೆ, ನೀವು ಬಿಡಲಿಲ್ಲ," ಎಂದು ಈಗಲೂ ಬೈಯುತ್ತಾನೆ.

ನೀನು ಹೇಳಿದ್ದು ಸರಿ. ಅದು ಕೆಳಗಿನಿಂದ ಬರುತ್ತದೆ, ಮತ್ತು ಮೊದಲು ಬರುತ್ತದೆ.

ಇಲ್ಲಿ ನಮ್ಮನ್ನು ಬೇಸಿಗೆಯ ಪ್ರವಾಸಿಗರ ಹೋಟೆಲಿನಲ್ಲಿಟ್ಟಿದ್ದಾರೆ. ಊಟಕ್ಕೆ ಕೊರತೆಯಿಲ್ಲ. ಗುಡ್ಡದ ಜನ, ದನಕರು ಮಾರಿ ಬಂದವರು, ಬಣ್ಣದ ಛತ್ರಿಗಳ ಚಿತ್ರವಿರುವ ಗೋಡೆಗಳ ನಡುವೆ ಕೋಟು ಬಿಚ್ಚದೆ ಕೂತಿರುತ್ತಾರೆ. ನಾನು ಒಳಗೆ ಕೂರುವುದಿಲ್ಲ. ಚಾವಣಿಯ ಕೆಳಗೆ ಉಸಿರು ಕಟ್ಟುತ್ತದೆ. ಮೊಗಸಾಲೆಯ ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಕೂರುತ್ತೇನೆ. ಆದರೆ ಅಲ್ಲಿ ಸಮುದ್ರವಿದೆ. ಹಗಲಿಲ್ಲ ಇರುಳಿಲ್ಲ ಗುಡುಗುತ್ತದೆ. ಬಾಣಲೆಯಿಂದ ಬೆಂಕಿಗೆ ಬಿದ್ದೆ.

ರೇಡಿಯೊವನ್ನು ಯಾರಿಗೋ ಕೊಟ್ಟುಬಿಟ್ಟೆ. ಸಂಗೀತದ ಮಾತು ಬೇಡ. ಕೋಗಿಲೆ, ಪಾರಿವಾಳ ಎಂದೆಲ್ಲ ನಿನಗೆ ಎಷ್ಟು ಉಪದೇಶ ಮಾಡಿದೆ. ನೀನು ಈಗ ಬರಬೇಡ. ನನ್ನನ್ನು ಹೀಗೆ ನೋಡುವುದು ಬೇಡ.

ಆರ್ಜಿಯಾ


ತ್ರಿಯೆಸ್ತೆ, 14 ಅಕ್ಟೋಬರ್ 1976

ಪ್ರೀತಿಯ ದೊಡ್ಡಮ್ಮ,

ನಿನ್ನ ಕಾಗದ ತಂದ ಅಂಚೆಯವನನ್ನು ಕೊಸ್ಸುತ್ತಾ ಅಮ್ಮ ಬಾಗಿಲಲ್ಲೇ ತಬ್ಬಿಕೊಂಡಳು. ಅವನು ಟೋಪಿ ಸರಿಮಾಡಿಕೊಂಡು, "ದಿನಾ ತರ್ಲಾ?" ಅಂದ.

ನೀನು ಬೇಡವೆಂದರೂ ಸಂಗೀತದ ಮಾತು ಆಡುತ್ತೇನೆ. ನೀನು ಇದ್ದೀಯೋ ಇಲ್ಲವೋ ತಿಳಿಯದ ಆ ದಿನಗಳಲ್ಲಿ ನನ್ನ ಬಳಿ ನಿನ್ನದೆಂದು ಉಳಿದದ್ದು ಆ ಕೊನೆಯ ಪತ್ರದ ಮಾತೊಂದೇ. ಬೇರೇನು ಮಾಡಲಿ? ಬಾಸ್ ಬಾರಿಸುವ ಒತ್ತಾವಿಯೊ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಅವನು ಗುಡಾಣದಂಥ ಮನುಷ್ಯ, ಬಾಯಲ್ಲಿ ಸದಾ ಈರುಳ್ಳಿ ವಾಸನೆ. ವಿಷಯ ಹೇಳಿದೆ. ನಗಲಿಲ್ಲ. "ಇಲ್ನೋಡು ಮಗಳೇ. ಗುಡುಗು ಅಂದ್ರೆ ಈ ಮಣಿಕಟ್ಟು, ಕಮಾನಿಗೆ ಕಟ್ಟಿದ ಈ ಕುದುರೆ ಬಾಲದ ಕೂದಲು. ಇಷ್ಟೇ. ವಾದ್ಯದ ಮೇಲೆ ಅಂಗೈ ಇಡು. ಸಾಕು ಅನ್ನಿಸಿದಾಗ ಕೈ ತೆಗಿ, ನಿಲ್ಲಿಸ್ತೀನಿ," ಅಂದ.

ಇಟ್ಟೆ. ಬಂತು. ಮೊಣಕೈವರೆಗೂ ಬಂತು. ಕೈ ತೆಗೆದೆ. ನಿಂತಿತು.

ಮತ್ತೆ ಇಟ್ಟೆ. ಎಷ್ಟು ಸಲ ಹಾಗೆ ಮಾಡಿದೆನೋ. ಅವನ ಊಟ ತಪ್ಪಿತು, ಬೇಸರಪಡಲಿಲ್ಲ. ಆ ದಿನ ಗುಡುಗನ್ನು ನಿಲ್ಲಿಸಿದಷ್ಟೂ ನನಗೆ ಆಸೆ ತೀರಲಿಲ್ಲ. ಅಮ್ಮ ಒಳಗೆ ಹೋದ ಗಳಿಗೆಯಲ್ಲಿ ಯಾರೋ ಹೀಗೆ ಕೈ ತೆಗೆದಿದ್ದರೆ ಅನ್ನಿಸಿತು. ಅದನ್ನು ಅವನಿಗೆ ಹೇಳಲಿಲ್ಲ. ನಿನಗೆ ಹೇಳುತ್ತಿದ್ದೇನೆ.

ಈಗ ಆ ಜಾಗವನ್ನು ದಾಟುತ್ತೇನೆ. ಚೆನ್ನಾಗಿ ದಾಟುತ್ತೇನೆ ಅನ್ನಲಾರೆ. ಮೇಷ್ಟ್ರು ಬೇಸಿಗೆಯನ್ನು ನನ್ನಲ್ಲೇ ಬಿಟ್ಟಿದ್ದಾರೆ. ಮರೀಸಾ ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ ತನ್ನ ಹೊಸ ತಂತಿಗಳನ್ನು ತಂದುಕೊಟ್ಟಳು.

ಸಮುದ್ರದ ವಿಷಯ. ಅದು ಒಂದೇ ಸಮನೆ ಗುಡುಗುವುದಿಲ್ಲ, ದೊಡ್ಡಮ್ಮ. ಅಲೆ ಬಿದ್ದ ಮೇಲೆ ನೀರು ಹಿಂದಕ್ಕೆ ಜಾರುತ್ತದೆ. ಆಗ ಸಣ್ಣ ಚಿಪ್ಪುಗಳು ಒಂದರ ಮೇಲೊಂದು ಉರುಳುವ ಸದ್ದಿದೆ, ಅಕ್ಕಿ ಕೇರುವ ಹಾಗೆ. ಅದಕ್ಕಷ್ಟೇ ಕಾದಿರು. ನಡುವೆ ಬರುವ ಗುಡುಗನ್ನು ಹಾದುಹೋಗಲು ಬಿಡು.

ನವೆಂಬರ್ ಏಳರ ಭಾನುವಾರ ಮಧ್ಯಾಹ್ನ ತಂಡದವರೆಲ್ಲ ನಿಮ್ಮ ಹೋಟೆಲಿನ ಊಟದ ಮನೆಯಲ್ಲಿ ಬಾರಿಸಲು ಬರುತ್ತಿದ್ದೇವೆ. ತ್ರಿಯೆಸ್ತೆಯ ಕಛೇರಿ ಅದಾದ ಮೇಲೆ. ಕೇಳಿಕೊಂಡದ್ದು ನಾನಲ್ಲ, ಮೇಷ್ಟ್ರೇ. ನಿನಗೆ ಬಾಗಿಲ ಪಕ್ಕದ ಕುರ್ಚಿ ಇಡಿಸುತ್ತೇನೆ.

ನೀವೆಸ್


ತ್ರಿಯೆಸ್ತೆ, 8 ನವೆಂಬರ್ 1976

ದೊಡ್ಡಮ್ಮ,

ಕುರ್ಚಿ ಖಾಲಿಯಿತ್ತು. ನನ್ನ ಹಿಂದಿನ ಪತ್ರಕ್ಕೆ ಉತ್ತರ ಬಾರದಿದ್ದಾಗಲೇ ತಿಳಿಯಬೇಕಿತ್ತು. ಆದರೂ ಮೊದಲ ಭಾಗ ಪೂರ್ತಿ ನನ್ನ ಕಣ್ಣು ಆ ಬಾಗಿಲ ಮೇಲಿತ್ತು.

ಏನಾಯಿತೆಂದು ನಿನಗೆ ಗೊತ್ತಿರಲಿ ಎಂದು ಬರೆಯುತ್ತೇನೆ. ಎರಡನೆಯ ಭಾಗದಲ್ಲಿ ಬಾಸ್ ಗುಡುಗಿದ ಕೂಡಲೇ ಇಡೀ ಸಭೆ ಎದ್ದು ನಿಂತಿತು. ಯಾರೂ ಕೂಗಲಿಲ್ಲ. ಮುದುಕಿಯರ ಕೈಚೀಲ ಆಗಲೇ ತೋಳಿಗೇರಿತ್ತು. ಗಂಡಸರು ಬಾಗಿಲ ಕಡೆ ತಿರುಗಿದ್ದರು. ಗುಡುಗು ನಿಂತು ನನ್ನ ಸರದಿ ಬಂತು. ನಿಲ್ಲಿಸಿದರೆ ಅವರೆಲ್ಲ ಓಡುತ್ತಾರೆ, ಓಡಿದರೆ ಯಾರಾದರೂ ಬೀಳುತ್ತಾರೆ ಅನ್ನಿಸಿತು. ಬಾರಿಸಿದೆ. ಅವರು ಕೂರಲಿಲ್ಲ, ಹೋಗಲೂ ಇಲ್ಲ. ಬಿರುಗಾಳಿ ಮುಗಿಯುವವರೆಗೂ ನಿಂತೇ ಕೇಳಿದರು. ಮುಗಿದ ಮೇಲೆ ಚಪ್ಪಾಳೆಯೂ ಇಲ್ಲ. ಜೆಲಿಂದೊ ಗಂಟಲು ಸರಿಮಾಡಿಕೊಂಡು, "ಮುಗೀತಾ? ಕೂತ್ಕೋಬೋದಾ?" ಅಂದ. ಎಲ್ಲರೂ ನಕ್ಕರು. ನಗುತ್ತ ನಗುತ್ತ ಕೆಲವರು ಅತ್ತರು. ಆಮೇಲೆ ಚಪ್ಪಾಳೆ ನಿಲ್ಲಲಿಲ್ಲ.

ನಿನ್ನ ಕೋಣೆಯ ಬಾಗಿಲು ತಟ್ಟಿದೆ. ಇರಲಿಲ್ಲ. ಬಸ್ಸಿನವನು ಹಾರ್ನ್ ಹಾಕುತ್ತಿದ್ದ. ನನ್ನನ್ನು ನೋಡಲು ಅಷ್ಟು ಇಷ್ಟವಿಲ್ಲದಿದ್ದರೆ ಬರೆದು ತಿಳಿಸಬಹುದಿತ್ತು.

ನೀವೆಸ್


ಲಿನ್ಯಾನೊ, 11 ನವೆಂಬರ್ 1976

ನೀವೆಸ್, ನನ್ನ ಮಗು,

ನಾನು ಅಲ್ಲೇ ಇದ್ದೆ. ಗೋಡೆಯ ಆಚೆ ಬದಿ.

ಕುರ್ಚಿಯವರೆಗೆ ಬಂದಿದ್ದೆ. ಕೂತೂ ಇದ್ದೆ, ನೀವಿನ್ನೂ ಶ್ರುತಿ ಮಾಡಿಕೊಳ್ಳುತ್ತಿದ್ದಿರಿ. ಜನ ತುಂಬುತ್ತಿದ್ದ ಹಾಗೆ ಚಾವಣಿ ಕೆಳಗಿಳಿದಂತಾಯಿತು. ಎದ್ದು ಅಡುಗೆಮನೆಯ ಹಿಂಬಾಗಿಲಿನಿಂದ ಕಡಲ ದಂಡೆಯ ಮರಳಿಗೆ ಹೋದೆ. ಅಡುಗೆಯಾಕೆ ಕಿಟಕಿ ತೆರೆದು, ತಾನು ಕೂರುವ ಮಣೆಯನ್ನು ಹೊರಗೆ ಇಟ್ಟುಕೊಟ್ಟಳು. ಬೆನ್ನ ಹಿಂದೆ ಸಮುದ್ರ, ಎದುರಿಗೆ ನೀನು. ನೀನು ಬರೆದ ಚಿಪ್ಪಿನ ಸದ್ದು ನನಗೆ ಸಿಕ್ಕಿ ಆಗಲೇ ಒಂದು ವಾರವಾಗಿತ್ತು. ಬರೆಯಬೇಕಿತ್ತು. ಉತ್ತರ ಬರೆದರೆ ಬರುತ್ತೇನೆಂದು ಮಾತು ಕೊಟ್ಟ ಹಾಗೆ, ಕೊಟ್ಟು ಉಳಿಸಿಕೊಳ್ಳಲಾಗದಿದ್ದರೆ ಎಂದು ಹೆದರಿದೆ.

ನಾನು ಏನು ಕೇಳಿದೆ ಎಂದು ಹೇಳುತ್ತೇನೆ. ಕೋಗಿಲೆ ಚೆನ್ನಾಗಿತ್ತು. ಪಾರಿವಾಳ ಆತುರಪಟ್ಟಿತು. ಕುರಿ ಕಾಯುವವನು ಅಳಲಿಲ್ಲ. ನೀನು ಅವನನ್ನು ಅಳಲು ಬಿಡಲಿಲ್ಲ, ಹಲ್ಲು ಕಚ್ಚಿ ದಾಟಿಸಿದೆ. ಅದು ನಿನ್ನ ಹಕ್ಕು. ಗುಡುಗು ಬಂದಾಗ ಒಳಗೆ ಕುರ್ಚಿಗಳು ಸರಿದ ಸದ್ದು ಕೇಳಿ ನಾನೂ ಎದ್ದು ನಿಂತೆ. ಹೊರಗಿದ್ದವಳು, ತಲೆಯ ಮೇಲೆ ಬರೀ ಆಕಾಶ, ಆದರೂ ನಿಂತೆ. ಆಮೇಲೆ ನಿನ್ನ ಪಿಟೀಲು ಬಂತು, ಒಂದೇ. ಎರಡನೆಯ ಭಾಗದ ಕೊನೆಯ ಸ್ವರವನ್ನು ನೀನು ಪಾದ್ರಿ ಬರೆದಿದ್ದಕ್ಕಿಂತ ಉದ್ದ ಹಿಡಿದೆ. ಮೇಷ್ಟ್ರು ಕೈ ಎತ್ತಿರಬೇಕು, ನೀನು ಬಿಡಲಿಲ್ಲ. ಅದರಾಚೆ ಬಿರುಗಾಳಿ ಕಾದಿದೆ ಎಂದು ನಿನಗೂ ಗೊತ್ತು, ನನಗೂ ಗೊತ್ತು, ಒಳಗಿದ್ದ ಅಷ್ಟೂ ಜನಕ್ಕೆ ಗೊತ್ತು. ಇಷ್ಟು ಹೊತ್ತು ಬರಬೇಡ ಎಂದು ಅದನ್ನು ನೀನೊಬ್ಬಳೇ ಹಿಡಿದು ನಿಲ್ಲಿಸಿದ್ದೆ. ಆಮೇಲೆ ನೀನೇ ಬಿಟ್ಟೆ. ನನ್ನ ಆಯುಷ್ಯದಲ್ಲಿ ಆ ಜಾಗವನ್ನು ಹಾಗೆ ಕೇಳಿಲ್ಲ. ಅಡುಗೆಯಾಕೆ ಕಿಟಕಿಯಿಂದ ತಲೆ ಹೊರಹಾಕಿ, "ಅಮ್ಮಾ, ಮಳೆ ಬಂತಾ?" ಅಂದಳು. ಇಲ್ಲ, ಬಿಸಿಲಿತ್ತು.

ಬಸ್ಸಿನ ಹಾರ್ನ್ ಕೇಳಿಸಿ ಮರಳಲ್ಲಿ ಓಡಿದೆ. ಮರಳಲ್ಲಿ ಓಡುವುದು ಗುಡ್ಡದವರಿಗೆ ಒಗ್ಗುವುದಿಲ್ಲ.

ಇವತ್ತು ಸಂತ ಮಾರ್ತಿನನ ಹಬ್ಬ. ನಮ್ಮಲ್ಲಿ ಒಕ್ಕಲು ಬದಲಿಸುವವರು ಗಾಡಿಗೆ ಪಾತ್ರೆಪಡಗ ಹೇರಿಕೊಂಡು ಹೊರಡುವ ದಿನ. ಬೆಳಿಗ್ಗೆ ಜೆಲಿಂದೊ ಹೊಸ ವೈನ್ ಎಲ್ಲಿಂದಲೋ ಸಂಪಾದಿಸಿ ತಂದ. "ಎಲ್ಲಿಗೆ ಟೀಚರಮ್ಮ ಈ ಸಲ ಒಕ್ಕಲು?" ಅಂದ. ವಸಂತಕ್ಕೆ ವಾಲ್ನೇರಾಗೆ, ಹಲಗೆಮನೆಯ ಶಾಲೆ ಎಬ್ಬಿಸುತ್ತಾರಂತೆ, ಮಕ್ಕಳು ಬರುತ್ತಾರೆ, ನಾನಿರಬೇಕು ಅಂದೆ. ಅಲ್ಲಿಯವರೆಗೆ ಎಂದು ಕೇಳಿದ. ಆಗ ಬಾಯಿಂದ ಬಂದದ್ದನ್ನು ಈಗ ಬರೆಯುತ್ತಿದ್ದೇನೆ, ಇನ್ನು ಹಿಂತೆಗೆಯುವಂತಿಲ್ಲ.

ಶನಿವಾರದ ಬಸ್ಸಿಗೆ ಬರುತ್ತೇನೆ. ಕೊಸ್ಸುತ್ತಾ ಅಮ್ಮನಿಗೆ ಹೇಳಿ ನಿನ್ನ ಮಂಚದ ಪಕ್ಕ ಒಂದು ಹಾಸಿಗೆ ಹಾಕಿಸು. ನಿದ್ದೆಯಲ್ಲಿ ನಿನ್ನ ಕೈ ಹಿಡಿದುಕೊಂಡರೆ ಎಬ್ಬಿಸಬೇಡ. ನಿನ್ನ ಕೋಣೆ ಎಷ್ಟನೆಯ ಮಹಡಿಯಲ್ಲಿದೆ ಎಂದು ನಾನು ಇದುವರೆಗೆ ಕೇಳಿಲ್ಲ. ನಾನು ಬಂದು ಮೆಟ್ಟಿಲು ಹತ್ತುವವರೆಗೆ ನೀನೂ ಹೇಳಬೇಡ.

ದೊಡ್ಡಮ್ಮ